ಬಾವಿ ಅಳೆಯುವ ಮಾರ್ಕಂಡೇಯ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಹುಟ್ಟಿದವನಿಗೆ ಮಗ್ಗ ಹತ್ತಲಿಲ್ಲ ಅಂದರೆ ಜನ ಅವನನ್ನು ಸೋಮಾರಿ ಅನ್ನುತ್ತಾರೆ, ಇಲ್ಲವೇ ತಲೆಕೆಟ್ಟವ ಅನ್ನುತ್ತಾರೆ. ಮಾರ್ಕಂಡೇಯ ಸೋಮಾರಿಯಲ್ಲ. ಆದರೆ ಒಂದು ಎಳೆ ಕಡಿದರೆ ಎಲ್ಲರಂತೆ ಗಂಟು ಹಾಕಿ ಮುಂದೆ ಹೋಗುವುದು ಅವನಿಂದ ಆಗುತ್ತಿರಲಿಲ್ಲ. ಯಾಕೆ ಕಡಿಯಿತು ಎಂದು ಇಡೀ ಹಾಸಿನ ನೂಲೆಲ್ಲ ಬಿಚ್ಚಿ ನೋಡಬೇಕು. ಅವನ ಅಪ್ಪ ಸಾಯಣ್ಣ ಎರಡು ಸೀರೆ ಹಾಳಾಗುವವರೆಗೆ ತಡೆದುಕೊಂಡ. ಮೂರನೆಯದು ಹಾಳಾದ ದಿನ, ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಕೆಲಸಕ್ಕಿದ್ದ ಒಬ್ಬ ನೆಂಟನ ವಿಳಾಸ ಬರೆದು ಮಗನ ಕೈಗಿಟ್ಟು ಬಸ್ಸು ಹತ್ತಿಸಿದ.

ಅಲ್ಲಿ ಇಪ್ಪತ್ತೆರಡು ವರ್ಷ ಮಾರ್ಕಂಡೇಯ ಮಾಡಿದ ಕೆಲಸ ಒಂದೇ, ಬಾವಿಯೊಳಗೆ ಟೇಪು ಬಿಡುವುದು. ಗಣಿ ತೋಡುವ ಮುಂಚೆ ಸುತ್ತಲಿನ ಊರುಗಳ ಬಾವಿ, ಬೋರು, ಹಳ್ಳ, ಕೆರೆಗಳಲ್ಲಿ ನೀರು ಎಷ್ಟಿತ್ತು, ಹೇಗಿತ್ತು ಎಂದು ಬರೆದಿಡಬೇಕು ಅನ್ನುವುದು ಕಾನೂನು. ನಾಳೆ ಗಣಿಯಿಂದ ನಮ್ಮ ನೀರು ಇಳಿಯಿತು ಎಂದು ಯಾರಾದರೂ ದೂರು ಕೊಟ್ಟರೆ ಆ ಮೊದಲ ಅಂಕಿಯನ್ನು ತೆಗೆದು ನೋಡುತ್ತಾರೆ. ಆಫೀಸಿನವರು ಇದನ್ನು ಬೇಸ್‌ಲೈನ್ ಅನ್ನುತ್ತಾರೆ, ಮಾರ್ಕಂಡೇಯ ಮೊದಲಿನ ಲೆಕ್ಕ ಅನ್ನುತ್ತಾನೆ. ಗಣಿಯವರು ಈ ಕೆಲಸವನ್ನು ಹೈದರಾಬಾದಿನ ಒಂದು ಸಣ್ಣ ಕಂಪನಿಗೆ ಗುತ್ತಿಗೆ ಕೊಡುತ್ತಿದ್ದರು. ಕಂಪನಿ ಅದನ್ನು ಮಾರ್ಕಂಡೇಯನ ಕಾಲಿಗೂ ಕೈಗೂ ಕೊಡುತ್ತಿತ್ತು.

ಆ ಸೀಮೆಯಲ್ಲಿ ತುಳಸಮ್ಮ ಅಂತ ಒಬ್ಬ ಹೆಂಗಸಿನ ಬಾವಿ ಇತ್ತು. ಬಾವಿಗೆ ಒಂದು ದಿನವಾದರೂ ಬಿಡುವು ಕೊಟ್ಟು, ನೀರು ತನ್ನ ಮಟ್ಟಕ್ಕೆ ಏರಿದ ಮೇಲೆ ಅಳೆಯಬೇಕು. ಇದು ಈ ಕೆಲಸದ ಅಆಇಈ. ಆದರೆ ಒಂದು ಮಧ್ಯಾಹ್ನ, ಇನ್ನೂ ಮೂರು ಊರು ಬಾಕಿ ಇವೆ ಅನ್ನುವ ಅವಸರದಲ್ಲಿ, ಆಗಷ್ಟೇ ಮೋಟರು ನಿಂತಿದ್ದ ಆ ಬಾವಿಗೆ ಟೇಪು ಬಿಟ್ಟು ಸಿಕ್ಕ ಅಂಕಿಯನ್ನೇ ಬರೆದುಕೊಂಡು ಹೋದ. ಆರು ವರ್ಷದ ಮೇಲೆ ಬಾವಿ ಬತ್ತಿತು. ತುಳಸಮ್ಮ ಅರ್ಜಿ ಹಿಡಿದು ಗಣಿಯ ಆಫೀಸಿಗೆ ಬಂದಾಗ ಸಾಹೇಬರು ಹಳೆಯ ವರದಿ ತೆಗೆದು, ಗಣಿ ಬರುವ ಮುಂಚೆಯೂ ನಿನ್ನ ಬಾವಿಯಲ್ಲಿ ಇಷ್ಟೇ ಇತ್ತಲ್ಲಮ್ಮ ಅಂದರು. ಮಾರ್ಕಂಡೇಯ ಪಕ್ಕದ ಮೇಜಿನಲ್ಲಿ ಕೂತಿದ್ದ. ಅಂಕಿಯ ಕೆಳಗೆ ಇದ್ದದ್ದು ಅವನ ಸಹಿ. ಅವನು ಬಾಯಿ ಬಿಡಲಿಲ್ಲ. ಇದನ್ನು ಅವನು ಹೆಂಡತಿಗೂ ಹೇಳಿಲ್ಲ.

ಹೋದ ವರ್ಷ ಅದೇ ಕಂಪನಿಗೆ ನಾರಾಯಣಪೇಟೆಯ ಪಕ್ಕದ ಮಕ್ತಲ್ ಕಡೆಯ ಒಂದು ಕೆಲಸ ಸಿಕ್ಕಿತು. ಈ ಸೀಮೆಯಲ್ಲಿ ಕಲ್ಲಿದ್ದಲೆಲ್ಲಿ ಬರಬೇಕು, ಇದು ಕರಿಕಲ್ಲಿನ ಗಣಿ. ಕರೇದೊಡ್ಡಿ ಅನ್ನುವ ಕುರುಬರ ಊರಿನ ಹಿಂದಿನ ಗುಡ್ಡವನ್ನು ಬುಡಮಟ್ಟ ಕೊರೆದು, ಬುಡದಿಂದ ಇನ್ನೂ ಇನ್ನೂರು ಅಡಿ ಕೆಳಗೆ ಹೋಗುವ ಯೋಜನೆ. ಅಷ್ಟು ಆಳ ಹೋದರೆ ಸುತ್ತಲಿನ ನೀರು ಗಣಿಯ ಗುಂಡಿಗೇ ಇಳಿಯುತ್ತದೆ, ಅದನ್ನು ಪಂಪು ಹಚ್ಚಿ ಹೊರಗೆ ಚೆಲ್ಲುತ್ತಾರೆ. ಕಲ್ಲಿದ್ದಲಾದರೇನು ಕರಿಕಲ್ಲಾದರೇನು, ಬಾವಿಗೆ ಎರಡೂ ಒಂದೇ. ಆ ಭಾಗದ ಕನ್ನಡ ಗೊತ್ತಿದ್ದವನು ಕಂಪನಿಯಲ್ಲಿ ಮಾರ್ಕಂಡೇಯ ಒಬ್ಬನೇ. ನಲವತ್ತೇಳನೇ ವಯಸ್ಸಿನಲ್ಲಿ ಅವನು ಹುಟ್ಟಿದೂರಿಗೆ ವಾಪಸು ಬಂದ.

ಬಂದವನಿಗೆ ಮೊದಲು ಸಿಕ್ಕಿದ್ದು ಪ್ಲಾನು. ಪ್ಲಾನು ಮಾಡಿದವನು ಶೇಖರ್ ಅಂತ, ಆಫೀಸಿನ ಮ್ಯಾನೇಜರು, ಓದಿದ ಹುಡುಗ, ಕೆಟ್ಟವನಲ್ಲ. ಆದರೆ ಅವನು ಗುಡ್ಡವನ್ನು ಕಂಡದ್ದು ಕಂಪ್ಯೂಟರಿನಲ್ಲಿ. ಗುಡ್ಡದ ಸುತ್ತ ಒಂದು ವೃತ್ತ ಎಳೆದು, ವೃತ್ತದೊಳಗೆ ಅಂದವಾಗಿ ಕಾಣುವಂತೆ ಹತ್ತು ಚುಕ್ಕೆ ಇಟ್ಟು, ಇವೇ ನಿಮ್ಮ ಬಾವಿಗಳು ಅಂದಿದ್ದ. ಮಾರ್ಕಂಡೇಯ ಹೋಗಿ ನೋಡಿದರೆ ನಾಲ್ಕನೇ ಚುಕ್ಕೆ ಹತ್ತಿ ಮಿಲ್ಲಿನ ಅಂಗಳದಲ್ಲಿ ಬಿದ್ದಿತ್ತು, ಒಂಬತ್ತನೆಯದು ಸ್ಮಶಾನದಲ್ಲಿ. ಹಳ್ಳದ ನೀರನ್ನು ಗಣಿಯ ಮೇಲ್ಗಡೆ ಒಂದು ಕಡೆ, ಕೆಳಗಡೆ ಒಂದು ಕಡೆ ತುಂಬಿಕೊಂಡು ಪರೀಕ್ಷೆಗೆ ಕಳಿಸಬೇಕು. ಪ್ಲಾನಿನಲ್ಲಿ ಮೇಲ್ಗಡೆ ಎಂದು ಬರೆದದ್ದು ಕೆಳಗಡೆಯಾಗಿತ್ತು. ಹಳ್ಳ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಎಮ್ಮೆ ಕಾಯುವವರೂ ಹೇಳುತ್ತಿದ್ದರು.

ಮಾರ್ಕಂಡೇಯ ಫೋನು ಹಿಡಿದು ಒಂದು ವಾರ ಜಗಳವಾಡಿದ. ಮಳೆಗೆ ಮುಂಚೆ ಒಂದು ಸಲ, ಮಳೆಯಾದ ಮೇಲೆ ಒಂದು ಸಲ ಅಳೆಯೋಣ ಅಂದ. ಮೂರು ತಿಂಗಳು ಸಾಕು, ಕಾನೂನು ಅಷ್ಟೇ ಕೇಳುತ್ತದೆ ಅಂದ ಶೇಖರ್. ಮಳೆಗಾಲದಲ್ಲಿ ಹಳ್ಳಕ್ಕೆ ಎಷ್ಟು ನೀರು ಬರುತ್ತದೆ ನೋಡಬೇಡವೇ ಅಂದರೆ, ಮಳೆಗಾಲ ನಮ್ಮ ಟೆಂಡರಿನಲ್ಲಿ ಇಲ್ಲ ಅಂದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕೊನೆಗೆ ಅವನು ಗೆದ್ದದ್ದು ಒಂದೇ, ಬಾವಿಗಳನ್ನು ತಾನೇ ಆರಿಸುವ ಹಕ್ಕು. ಅದರಲ್ಲಿ ಏಳನೇ ಬಾವಿ ಎಂದು ಅವನು ಬರೆದುಕೊಂಡದ್ದು ಕರೇದೊಡ್ಡಿಯ ಮೈಲಾರಲಿಂಗನದು. ಗುಡ್ಡದ ಬುಡಕ್ಕೆ ಎಲ್ಲಕ್ಕಿಂತ ಹತ್ತಿರ. ಗಣಿ ಶುರುವಾದರೆ ಮೊದಲು ಇಳಿಯುವುದು ಆ ಬಾವಿ, ಮತ್ತು ಆ ಊರಿನ ಎಂಟುನೂರು ಕುರಿ ಬೇಸಿಗೆಯಲ್ಲಿ ಕುಡಿಯುವುದು ಅದೊಂದರಲ್ಲೇ. ಅದರ ಅಂಕಿ ಸರಿ ಬಂದರೆ ಉಳಿದದ್ದು ಹೇಗಾದರೂ ಆಗಲಿ ಅನ್ನುವ ಮಟ್ಟಿಗೆ ಅವನು ಬಂದಿದ್ದ.

ಎರಡು ದಿನ ಮುಂಚೆಯೇ ಫೋನು ಮಾಡಿ, ಇಂಥ ದಿನ ಬರುತ್ತೇನೆ, ಅಲ್ಲಿಯವರೆಗೆ ಮೋಟರು ಹಚ್ಚಬೇಡಿ ಎಂದು ಹೇಳಿದ. ಮೈಲಾರಲಿಂಗ ಆಗಲಿ ಸಾರ ಅಂದ. ಅವನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಊರ ಬೀರಪ್ಪನ ಗುಡಿಯ ಹಿರಿಯ, ಹೆಗಲ ಮೇಲೆ ಕಂಬಳಿ ಇಲ್ಲದೆ ಯಾರೂ ಅವನನ್ನು ನೋಡಿಲ್ಲ. ಮಾರ್ಕಂಡೇಯ ಹೋದಾಗ ಅವನ ಹೆಂಡತಿ ಆಶಮ್ಮ ಮಜ್ಜಿಗೆ ಕೊಟ್ಟಳು. ಟೇಪು ಬಿಟ್ಟರೆ ದಡದಿಂದ ನೀರಿಗೆ ನಲವತ್ತಾರು ಅಡಿ. ಇಷ್ಟು ಆಳವೇ ಎಂದು ಒಂದು ಕ್ಷಣ ಅನಿಸಿತು. ಆದರೆ ಅದು ಆ ದಿನದ ಐದನೇ ಬಾವಿ, ಹೊತ್ತು ಇಳಿದಿತ್ತು, ನಾರಾಯಣಪೇಟೆಯ ಬಸ್ಸು ತಪ್ಪಿದರೆ ಮಕ್ತಲಿನಲ್ಲೇ ಮಲಗಬೇಕು. ಫಾರಂ ಮುಂದಿಟ್ಟ. ಬಾವಿಯ ಮಾಲೀಕ ಸಹಿ ಹಾಕದೆ ಯಾವ ಅಂಕಿಯೂ ವರದಿಗೆ ಹೋಗುವುದಿಲ್ಲ. ಮೈಲಾರಲಿಂಗ ಎರಡನೇ ಮಾತಿಲ್ಲದೆ ಸಹಿ ಹಾಕಿದ. ಅಲ್ಲೇ ಮಾರ್ಕಂಡೇಯ ಎಚ್ಚರಗೊಳ್ಳಬೇಕಿತ್ತು. ಈ ಸೀಮೆಯಲ್ಲಿ ಕಾಗದಕ್ಕೆ ಅಷ್ಟು ಸಲೀಸಾಗಿ ಸಹಿ ಹಾಕಿದ ಕುರುಬ ಇನ್ನೂ ಹುಟ್ಟಿಲ್ಲ.

ನಿಯಮದ ಪ್ರಕಾರ ಅವನು ಫಾರಂನ ಚಿತ್ರ ತೆಗೆದು ಅಲ್ಲಿಂದಲೇ ಆಫೀಸಿಗೆ ಕಳಿಸಿದ. ಬಸ್ಸಿನಲ್ಲಿ ಕೂತ ಮೇಲೆ, ಜೊತೆಗೇ ತೆಗೆದಿದ್ದ ಬಾವಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ನೀರಿನ ಮೇಲೆ ಆಳೆತ್ತರಕ್ಕೆ ನಾಲ್ಕೈದು ಪಟ್ಟು ಬಾವಿಯ ಕಲ್ಲೆಲ್ಲ ಹಸಿಹಸಿ, ಕಪ್ಪಗೆ ಹೊಳೆಯುತ್ತಿತ್ತು. ನೀರು ನಿನ್ನೆ ಮೊನ್ನೆಯವರೆಗೆ ಅಲ್ಲಿತ್ತು. ಮೋಟರು ಹಚ್ಚಬೇಡಿ ಎಂದು ಹೇಳಿದ್ದೇ ಇವನಿಗೆ ಮುಳುವಾಗಿತ್ತು. ಯಾವ ದಿನ ಬರುತ್ತಾನೆ ಎಂದು ಗೊತ್ತಾದ ಕೂಡಲೇ ಅವರು ಮೋಟರು ಹಚ್ಚಿ, ಎರಡು ದಿನ ನಿಲ್ಲಿಸದೆ, ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಕರೇದೊಡ್ಡಿಗೆ ಹೋದವನು ಚಪ್ಪಲಿ ಬಿಡುವ ಮುಂಚೆಯೇ ಕೂಗಾಡಿದ. ಮೈಲಾರಲಿಂಗ ಬೀಡಿ ಹಚ್ಚಿಕೊಂಡು ಪೂರ್ತಿ ಕೇಳಿದ, ಒಂದನ್ನೂ ಅಲ್ಲಗಳೆಯಲಿಲ್ಲ. ಅವನಿಗೆ ಅದರಲ್ಲಿ ತಪ್ಪೇನಿದೆ ಅನ್ನುವುದೇ ತಿಳಿಯಲಿಲ್ಲ. ನಿಜಾಮನ ಕಾಲದಲ್ಲಿ ಕಂದಾಯದ ಗಿರ್ದಾವರ ಬಂದು, ಬಾವಿಯಲ್ಲಿ ನೀರು ಕಂಡು, ಅವನ ತಾತನ ಖುಷ್ಕಿ ಹೊಲವನ್ನು ತರಿ ಎಂದು ಬರೆದು ಹೋದನಂತೆ. ಒಣ ಹೊಲಕ್ಕೆ ನೀರಾವರಿಯ ಕಂದಾಯ ಬಿತ್ತು. ಕಟ್ಟಲಾಗದೆ ತಾತ ಅರ್ಧ ಹಿಂಡು ಮಾರಿದ. ಅಂದಿನಿಂದ ಕರೇದೊಡ್ಡಿಯಲ್ಲಿ ಒಂದು ಪದ್ಧತಿ. ಟೇಪು, ಸರಪಳಿ, ಕಾಗದ ಹಿಡಿದು ಯಾರು ಬಂದರೂ ಮೊದಲು ಬಾವಿ ಇಳಿಸಬೇಕು. ಆಗ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು, ಈಗ ಮೋಟರು ಹಚ್ಚುತ್ತಾರೆ. ಜನಗಣತಿಯವರು ಬಂದಾಗಲೂ ಒಮ್ಮೆ ಇಳಿಸಿದ್ದರಂತೆ, ಯಾವುದಕ್ಕೂ ಇರಲಿ ಎಂದು.

ಇಂಥವರಿಗೆ ಏನು ಹೇಳುವುದು? ಮಾರ್ಕಂಡೇಯನಿಗೆ ನಗು ಬರಬೇಕಿತ್ತು, ಬರಲಿಲ್ಲ. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

"ಯಜಮಾನ್ರ, ಈ ಗಣಿಯವರಿಗೆ ನಿಮ್ಮ ಬಾವ್ಯಾಗ ನೀರು ಕಮ್ಮಿ ಇದ್ರನ ಛಲೋರಿ. ನಾಳೆ ಬತ್ತಿದ್ರ, ಮೊದಲಿಂದನೂ ಇಷ್ಟ ಇತ್ತು ಅಂತಾರ. ನೀವ ಬರದು ಕೊಟ್ಟಂಗಾತು."

ಮೈಲಾರಲಿಂಗ ತಲೆ ಅಲ್ಲಾಡಿಸಿದ. ನಂಬಿದ ಹಾಗೆ ಕಾಣಲಿಲ್ಲ. ಆಗ ಮಾರ್ಕಂಡೇಯ ಅವನ ಕಟ್ಟೆಯ ಮೇಲೆ ಕೂತು ತುಳಸಮ್ಮನ ಬಾವಿಯ ಕಥೆಯನ್ನು ಹೇಳಿದ. ಆ ಸಹಿ ತನ್ನದೇ ಅನ್ನುವುದನ್ನೂ ಹೇಳಿದ, ಆಕೆ ಅರ್ಜಿ ಹಿಡಿದು ನಿಂತಾಗ ತಾನು ಫೈಲಿನಲ್ಲಿ ಮುಖ ಹುದುಗಿಸಿ ಕೂತದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ನಾಚಿಕೆಯಾಗಿ ಗುಡ್ಡದ ಕಡೆ ತಿರುಗಿ ಕೂತ. ಆ ಹೆಂಗಸು ಈಗ ಎಲ್ಲಿದ್ದಾಳೆ ಎಂದು ಆಶಮ್ಮ ಕೇಳಿದಳು. ಊರು ಬಿಟ್ಟಳು ಅಂದ. ಆಶಮ್ಮ ಗಂಡನ ಕಡೆ ನೋಡಿ, ಬಾವಿಗೆ ಬಿಡುವು ಕೊಡೋಣ ಅಂದಳು. ಅಲ್ಲಿಗೆ ಅದು ತೀರ್ಮಾನವಾಯಿತು.

ಮೂರು ದಿನ ಕರೇದೊಡ್ಡಿಯ ಕುರಿಗಳು ನಾಲ್ಕು ಮೈಲಿ ದೂರದ ಕಾಲುವೆಗೆ ಹೋಗಿ ನೀರು ಕುಡಿದು ಬಂದವು. ನಾಲ್ಕನೇ ದಿನ ಇಡೀ ಊರು ಬಾವಿಯ ಸುತ್ತ ನಿಂತಿತ್ತು. ಟೇಪು ನಿಂತದ್ದು ಹತ್ತೊಂಬತ್ತು ಅಡಿಗೆ. ಮಾರ್ಕಂಡೇಯ ಮೂರು ಸಲ ಅಳೆದ, ಮೂರು ಸಲವೂ ಹತ್ತೊಂಬತ್ತು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಸ ಫಾರಂ ತುಂಬಿ ಪೆನ್ನು ಮುಂದೆ ಹಿಡಿದ.

ಮೈಲಾರಲಿಂಗ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡ.

"ನೀವು ಅಳದ್ರಿ, ನಾವು ಅಳಿಗೊಟ್ವಿ. ನೀರು ಐತಿ ಅಂತ ಕಾಗದಕ್ಕ ನಮ್ಮ ಮನಿತನದಾಗ ಯಾರೂ ಸಹಿ ಹಾಕಿಲ್ರಿ ಸಾರ. ಅದೊಂದು ಕೇಳಬ್ಯಾಡ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಬಾವಿಯೇ ಕೊಟ್ಟಿತ್ತು, ಬಾವಿಯವನು ಕೊಡಲಿಲ್ಲ. ಮಾರ್ಕಂಡೇಯ ಕಾಲು ಹಿಡಿಯುವುದೊಂದು ಬಾಕಿ. ಆಶಮ್ಮ ತಾನು ಹಾಕುತ್ತೇನೆ ಅಂದಳು, ಆದರೆ ಹೊಲದ ಪಟ್ಟಾ ಪುಸ್ತಕದಲ್ಲಿ ಆಕೆಯ ಹೆಸರಿಲ್ಲ, ಆಕೆಯ ಸಹಿ ನಡೆಯುವುದಿಲ್ಲ. ಸಹಿಯಿಲ್ಲದ ಫಾರಂ ಹಿಡಿದು ಅವನು ವಾಪಸು ಬಂದ. ಬೇಕಾದರೆ ಆಫೀಸಿನಲ್ಲೇ ಜಗಳವಾಡಿ ಒಪ್ಪಿಸುತ್ತೇನೆ ಎಂದುಕೊಂಡಿದ್ದ.

ಶೇಖರ್ ಒಪ್ಪಲಿಲ್ಲ. ಒಂದೇ ಬಾವಿ, ಒಂದೇ ವಾರ, ಒಂದು ಅಂಕಿಗೆ ಸಹಿ ಇದೆ, ಇನ್ನೊಂದಕ್ಕೆ ಇಲ್ಲ. ನಾನು ಯಾವುದನ್ನು ಹಾಕಲಿ ನೀವೇ ಹೇಳಿ ಅಂದ. ಎರಡನ್ನೂ ಹಾಕಿ, ಕೆಳಗೆ ಕಾರಣ ಬರೆಯಿರಿ ಅಂದ ಮಾರ್ಕಂಡೇಯ. ಕೋಷ್ಟಕದಲ್ಲಿ ಒಂದು ಬಾವಿಗೆ ಒಂದೇ ಮನೆ ಇರುವುದು, ಎರಡು ಅಂಕಿ ಹಿಡಿಸುವುದಿಲ್ಲ ಅಂದ ಶೇಖರ್. ಮಾರ್ಕಂಡೇಯ ಹಸಿಕಲ್ಲಿನ ಚಿತ್ರ ಕಳಿಸಿದ, ಅದಕ್ಕೆ ಉತ್ತರ ಬರಲಿಲ್ಲ. ಮತ್ತೆರಡು ಸಲ ಅವನು ಕರೇದೊಡ್ಡಿಗೆ ಹೋದ. ಮೈಲಾರಲಿಂಗ ಹಿಂಡು ಹೊಡೆದುಕೊಂಡು ಕೃಷ್ಣೆಯ ದಡಕ್ಕೆ ಹೋಗಿದ್ದ. ಫೋನು ಮನೆಯಲ್ಲೇ ಬಿಟ್ಟಿದ್ದ. ಇಷ್ಟರಲ್ಲಿ ವರದಿ ಅಚ್ಚಾಯಿತು. ಏಳನೇ ಬಾವಿ: ನಲವತ್ತಾರು ಅಡಿ.

ಗಣಿಗೆ ಅನುಮತಿ ಕೊಡುವ ಮುಂಚೆ ಊರ ಜನರ ಅಭಿಪ್ರಾಯ ಕೇಳುವ ಸಭೆ ನಡೆಯಬೇಕು. ಕರೇದೊಡ್ಡಿಯ ಶಾಲೆಯ ಬಯಲಲ್ಲಿ ಶಾಮಿಯಾನ ಹಾಕಿದರು. ಒಂದು ಕಡೆ ಕಂಪನಿಯವರ ಕುರ್ಚಿಗಳು, ಮಾರ್ಕಂಡೇಯ ಅಲ್ಲಿ ಎರಡನೇ ಸಾಲಿನಲ್ಲಿ. ಇನ್ನೊಂದು ಕಡೆ ಜಮಖಾನೆಯ ಮೇಲೆ ಊರು. ನಡುವೆ ಜಿಲ್ಲೆಯಿಂದ ಬಂದ ಅಧಿಕಾರಿ. ಶೇಖರ್ ಎದ್ದು, ಸರ್ಕಾರದ ಭಾಷೆಯಾದ ತೆಲುಗಿನಲ್ಲಿ ವರದಿಯ ಸಾರ ಓದಿದ. ಗುಡ್ಡದ ಬುಡದ ಬಾವಿಗಳಲ್ಲಿ ನೀರು ಈಗಾಗಲೇ ನಲವತ್ತು ಅಡಿಗಿಂತ ಕೆಳಗಿದೆ, ಆದ್ದರಿಂದ ಗಣಿಯಿಂದ ಊರಿನ ನೀರಿಗೆ ಹೇಳಿಕೊಳ್ಳುವಂಥ ಹಾನಿ ಆಗುವುದಿಲ್ಲ. ಇದನ್ನು ಅವನು ಶಾಂತವಾಗಿಯೇ ಓದಿದ. ಅವನ ಮಟ್ಟಿಗೆ ಅದು ಕಾಗದದಲ್ಲಿದ್ದ ಮಾತು.

ಜಮಖಾನೆಯ ಮೇಲೆ ಒಂದು ಗುಜುಗುಜು ಎದ್ದಿತು. ತಮ್ಮದೇ ಸುಳ್ಳು ಮೈಕಿನಲ್ಲಿ ಕೇಳುವುದು ಹೇಗಿರುತ್ತದೆ ಎಂದು ಕರೇದೊಡ್ಡಿಗೆ ಆ ಹೊತ್ತು ಗೊತ್ತಾಯಿತು. ಮೈಲಾರಲಿಂಗ ಎದ್ದು ನಿಂತ. ಹೆಗಲ ಕಂಬಳಿ ತೆಗೆದು ಹೆಂಡತಿಯ ಕೈಗೆ ಕೊಟ್ಟ. ತನ್ನ ಬಾವಿಯಲ್ಲಿ ನೀರು ಇದೆ, ಹತ್ತೊಂಬತ್ತು ಅಡಿಗೇ ಇದೆ, ಎಂಟುನೂರು ಕುರಿ ಕುಡಿದರೂ ಮರುದಿನ ತುಂಬುತ್ತದೆ ಎಂದು ತೆಲುಗಿನಲ್ಲೇ, ತೊದಲದೆ ಹೇಳಿದ. ಮೂರು ತಲೆಮಾರು ಬಚ್ಚಿಟ್ಟ ಮಾತು ಅದು.

ಅಧಿಕಾರಿ ಫೈಲು ತಿರುವಿ ಒಂದು ಹಾಳೆ ಎತ್ತಿ ಹಿಡಿದರು. ಇದು ನಿಮ್ಮ ಸಹಿಯೇ ಎಂದು ಕೇಳಿದರು. ಹೌದು ಅಂದ. ಹಾಗಾದರೆ ನೀವು ಯಾವಾಗ ನಿಜ ಹೇಳಿದಿರಿ, ಅವತ್ತೋ ಇವತ್ತೋ ಅಂದರು. ಕಂಪನಿಯ ಕುರ್ಚಿಗಳಲ್ಲಿ ಯಾರೋ ನಕ್ಕರು. ಮೈಲಾರಲಿಂಗ ಸುತ್ತ ನೋಡಿ, ಕುರ್ಚಿಗಳ ನಡುವೆ ಮಾರ್ಕಂಡೇಯನನ್ನು ಹುಡುಕಿದ.

ಮಾರ್ಕಂಡೇಯನಿಗೆ ಫೈಲಿನಲ್ಲಿ ಮುಖ ಹುದುಗಿಸುವುದು ಹೇಗೆಂದು ಚೆನ್ನಾಗಿ ಗೊತ್ತಿತ್ತು. ಈ ಸಲ ಅದು ಸಾಧ್ಯವಾಗಲಿಲ್ಲ. ಎದ್ದ. ಎರಡೂ ಅಂಕಿ ಬರೆದವನು ನಾನೇ, ಮೊದಲನೆಯದು ಸುಳ್ಳು, ಬಾವಿಯನ್ನು ಎರಡು ದಿನ ಬಗ್ಗಡ ಕಾಣುವ ತನಕ ಬಸಿದ ಮೇಲೆ ಅಳೆದದ್ದು, ಅದು ಅವತ್ತು ಸಂಜೆಯೇ ನನಗೆ ತಿಳಿದಿತ್ತು, ಆಫೀಸಿಗೂ ಹೇಳಿದ್ದೆ ಅಂದ. ತನ್ನ ಟಿಪ್ಪಣಿ ಪುಸ್ತಕ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟ. ಶೇಖರ್ ತಲೆ ತಗ್ಗಿಸಿ ಕೂತಿದ್ದ. ನೀವು ಕಂಪನಿಯವರಲ್ಲವೇ ಎಂದು ಅಧಿಕಾರಿ ಕೇಳಿದರು. ಈ ಕುರ್ಚಿಯಿಂದ ಏಳುವವರೆಗೆ ಆಗಿದ್ದೆ ಅಂದ.

ಅಧಿಕಾರಿ ಒಳ್ಳೆಯವರೇ. ಗುಮಾಸ್ತನಿಗೆ ಹೇಳಿ ಇಬ್ಬರ ಮಾತನ್ನೂ ಬರೆಸಿದರು. ಕೆಳಗೆ ಸಹಿ ಬೇಕು ಎಂದು ಗುಮಾಸ್ತ ಪೆನ್ನು ಚಾಚಿದಾಗ ಮಾರ್ಕಂಡೇಯನಿಗಿಂತ ಮೊದಲು ಮೈಲಾರಲಿಂಗ ಅದನ್ನು ಕಿತ್ತುಕೊಂಡ. ಹತ್ತೊಂಬತ್ತು ಅಡಿ ಎಂಬ ಅಕ್ಷರಗಳ ಕೆಳಗೆ, ಅಪ್ಪನ ಹೆಸರು, ಊರ ಹೆಸರು ಸಮೇತ, ನಿಧಾನವಾಗಿ ಸಹಿ ಮಾಡಿದ. ಆಶಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾರ್ಕಂಡೇಯ ಅವನ ಕೆಳಗೆ ತನ್ನ ಸಹಿ ಹಾಕಿದ. ಆ ಒಂದು ಗಳಿಗೆ, ಈ ಕೆಲಸಕ್ಕೆ ಬಂದದ್ದು ಸಾರ್ಥಕವಾಯಿತು ಅನಿಸಿತು.

ಅಧಿಕಾರಿ ಗಾಡಿ ಹತ್ತುವ ಮುಂಚೆ ಮಾರ್ಕಂಡೇಯ ಅವರನ್ನು ಹಿಂಬಾಲಿಸಿ ಹೋಗಿ, ಇನ್ನು ವರದಿಯ ಅಂಕಿ ತಿದ್ದುತ್ತಾರಲ್ಲವೇ ಎಂದು ಕೇಳಿದ. ಅವರು ಬೇಸರದಿಂದಲೇ ವಿವರಿಸಿದರು. ವರದಿ ತಿದ್ದುವ ಅಧಿಕಾರ ಈ ಸಭೆಗೆ ಇಲ್ಲ. ಇವತ್ತು ಬರೆದದ್ದೆಲ್ಲ ಗ್ರಾಮಸ್ಥರ ಆಕ್ಷೇಪಣೆಗಳು ಎಂದು ವರದಿಯ ಹಿಂದೆ ಸೇರುತ್ತದೆ. ಆಕ್ಷೇಪಣೆಗೆ ಕಂಪನಿ ಉತ್ತರ ಕೊಡುತ್ತದೆ. ಮೇಲಿನವರು ಎರಡನ್ನೂ ನೋಡುತ್ತಾರೆ. ಕೋಷ್ಟಕ ಹಾಗೆಯೇ ಇರುತ್ತದೆ.

ಮಾರ್ಕಂಡೇಯ ತಿರುಗಿ ಬಂದಾಗ ಶಾಮಿಯಾನ ಬಿಚ್ಚುತ್ತಿದ್ದರು. ಮೈಲಾರಲಿಂಗ ಅವನಿಗಾಗಿ ಕಾಯುತ್ತ ನಿಂತಿದ್ದ. ಹಬ್ಬದ ದಿನದ ಹಾಗೆ ಮುಖ ಅರಳಿತ್ತು.

"ಏನಂದ್ರು ತಮ್ಮಾ? ಇನ್ನ ನಮ್ಮ ಬಾವಿ ಹತ್ತೊಂಬತ್ತು ಅಂತ ಆತಲ್ಲ?"

ಸುಳ್ಳು ಹೇಳಿದ್ದರೆ ಆ ಮುದುಕ ಅವತ್ತು ಸುಖವಾಗಿ ಮಲಗುತ್ತಿದ್ದ. ಮಾರ್ಕಂಡೇಯನಿಗೆ ಆಸೆಯೂ ಆಯಿತು.

"ಇಲ್ಲ ಯಜಮಾನ್ರ. ಹತ್ತೊಂಬತ್ತು ಬರಕೊಂಡಾರ. ನಲವತ್ತಾರು ಹೊಡದುಹಾಕಿಲ್ಲ. ವರದಿಯೊಳಗ ನಲವತ್ತಾರ ಐತಿ."

ಆಶಮ್ಮ ಕಂಬಳಿ ಕೊಟ್ಟಳು, ಮೈಲಾರಲಿಂಗ ಅದನ್ನು ಹೆಗಲಿಗೆ ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ನಿಂತ.

"ಸುಳ್ಳಿಗೆ ಒಂದ ಸಹಿ ಸಾಕಾತು, ತಮ್ಮಾ," ಅಂದ. "ಖರೇಕ ಎಷ್ಟು ಬೇಕು?"